ಪಿ.ಸಿ.ಆರ್. (ಮ್ಯಾಜಿಸ್ಟ್ರೇಟ್ ಕೋರ್ಟಿಗೆ ನೇರ ಕೊಡುವ ಖಾಸಗಿ ದೂರು) ಹಾಕುವ ಮುನ್ನ

ಠಾಣೆಯಲ್ಲಿ ಎಫ್‌ಐಆರ್ ಮಾಡಲಿಲ್ಲ ಅಂತ ನೇರ ಕೋರ್ಟಿಗೆ ಓಡಬೇಡಿ. ಮೊದಲು ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಎಸ್‌ಪಿಯವರಿಗೆ ಕಳಿಸಿ, ರಸೀದಿ ಜೋಪಾನವಾಗಿಡಿ. ಇದು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 173(4). ಆಮೇಲೆ ಕಲಂ 175(3)ರಡಿ ಮ್ಯಾಜಿಸ್ಟ್ರೇಟರಲ್ಲಿ ತನಿಖೆಗೆ ಆದೇಶ ಕೇಳುವಾಗ ಆ ದೂರಿನ ಪ್ರತಿ, ರಸೀದಿ, ಅಫಿಡವಿಟ್ ಮೂರೂ ಬೇಕು. ಹಲವು ಅರ್ಜಿಗಳು ತಿರಸ್ಕೃತವಾಗುವುದು ಇಲ್ಲೇ.

ಮಾನಹಾನಿಯಂಥ ಪ್ರಕರಣಕ್ಕೆ ಈ ಸುತ್ತು ಬೇಡ, ಕಲಂ 223ರಡಿ ಖಾಸಗಿ ದೂರು ಸಾಕು. ಮ್ಯಾಜಿಸ್ಟ್ರೇಟರು ನಿಮ್ಮನ್ನೂ ಹಾಜರಿರುವ ಸಾಕ್ಷಿಗಳನ್ನೂ ಪ್ರಮಾಣ ಮಾಡಿಸಿ ವಿಚಾರಿಸುತ್ತಾರೆ. ದೂರಿನಲ್ಲಿ ಬರೆದ ದಿನಾಂಕ, ಜಾಗ, ಆಡಿದ ಮಾತು ಬಾಯಲ್ಲಿ ಹೇಳುವಾಗ ಬದಲಾದರೆ ಕೇಸು ಸಡಿಲವಾಗುತ್ತದೆ. ಹಿಂದಿನ ರಾತ್ರಿ ಒಮ್ಮೆ ಓದಿಕೊಳ್ಳಿ. ಈಗಿನ ಕಾನೂನಿನಲ್ಲಿ ಸಂಜ್ಞಾನ ತೆಗೆದುಕೊಳ್ಳುವ (ಅಂದರೆ ಕೋರ್ಟು ಅಪರಾಧವನ್ನು ವಿಚಾರಣೆಗೆ ಪರಿಗಣಿಸುವ) ಮೊದಲೇ ಆರೋಪಿಗೂ ಮಾತಾಡಲು ಅವಕಾಶವಿದೆ, ಹಾಗಾಗಿ ಉತ್ಪ್ರೇಕ್ಷೆ ಬೇಡ.

ಘಟನೆ ಹರಿಹರದ್ದಾದರೆ ಹರಿಹರ ಕೋರ್ಟಿಗೇ ಹಾಕಿ. ವ್ಯಾಪ್ತಿ ತಪ್ಪಿ ದಾವಣಗೆರೆಯಲ್ಲಿ ಕೊಟ್ಟರೆ ದೂರು ವಾಪಸ್.

ವಾಟ್ಸಾಪ್ ಸ್ಕ್ರೀನ್‌ಶಾಟ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ದೃಢೀಕರಣ) ಲಗತ್ತಿಸಿ, ಮೂಲ ಫೋನ್ ಮಾರಬೇಡಿ. ಸಾಕ್ಷಿಗಳ ಪಟ್ಟಿ ಕೊಡದೆ ಸಮನ್ಸ್ ಹೊರಡುವುದಿಲ್ಲ. ಪ್ರೊಸೆಸ್ ಶುಲ್ಕ (ಸಮನ್ಸ್ ಕಳಿಸುವ ಶುಲ್ಕ) ಕಟ್ಟದಿದ್ದರೆ ದೂರೇ ವಜಾ ಆಗಬಹುದು.

ದೂರು ಹಾಕಲು ಕಾಲಮಿತಿ: ಬರೀ ದಂಡದ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗಿನ ಶಿಕ್ಷೆಗೆ 1 ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ.