ಸೋರೆಬುರುಡೆಯ ಅಚ್ಚು, ಶೋಕದ ಕೆಂಪು: ನನ್ನ ಮಿಶ್ರಮಾಧ್ಯಮ ಚಿತ್ರದ ಕ್ರಮ

ದುಃಖವನ್ನು ಚಿತ್ರಿಸುವಾಗ ನಾನು ಮುಖ, ಕಣ್ಣೀರು ಬಿಡಿಸುವುದಿಲ್ಲ. ಘಾನಾದ ಅಸಾಂಟೆ ಜನರ ಅಡಿಂಕ್ರಾ ಬಟ್ಟೆಯ ದಾರಿ ಹಿಡಿಯುತ್ತೇನೆ. ಅದು ಅರ್ಥವುಳ್ಳ ಗುರುತುಗಳನ್ನು ಅಚ್ಚೊತ್ತಿದ, ಮೂಲತಃ ಸಾವಿನ ಮನೆಗೆ ಉಡುವ ಬಟ್ಟೆ. ಅಲ್ಲಿ ಕೆಂಪು, ಕಪ್ಪು, ಕಂದು ಶೋಕದ ಬಣ್ಣಗಳು. ಆಫ್ರಿಕಾ ಎಂದೊಡನೆ ಮುಖವಾಡ, ಆನೆ, ಸೂರ್ಯಾಸ್ತ ಎಲ್ಲವನ್ನೂ ತುಂಬಿದ ಚಿತ್ರದಲ್ಲಿ ಯಾವ ಜನರೂ ಕಾಣುವುದಿಲ್ಲ. ಒಂದು ಚಿತ್ರಕ್ಕೆ ಒಂದೇ ಸಮುದಾಯದ ಒಂದು ಕಸುಬು ಸಾಕು.

ಘಾನಾದ ಕುಮಾಸಿ ನಗರದ ಬಳಿಯ ಎನ್‌ಟೊನ್ಸೊ ಊರಿನಲ್ಲಿ ಅಚ್ಚನ್ನು ಸೋರೆಬುರುಡೆಯಲ್ಲಿ ಕೊರೆಯುತ್ತಾರೆ. ನಮ್ಮ ಹಿತ್ತಲಿನ ಸೋರೆಯೂ ಅದೇ ಜಾತಿಯ ಬಳ್ಳಿ. ಚೆನ್ನಾಗಿ ಒಣಗಿದ ಬುರುಡೆಯಿಂದ 5–6 ಸೆಂ.ಮೀ. ಅಗಲದ ತುಂಡು ತೆಗೆದು, ಉಬ್ಬಿದ ಹೊರಮೈಯಲ್ಲಿ 2–3 ಮಿ.ಮೀ. ಆಳಕ್ಕೆ ಕೊರೆಯುತ್ತೇನೆ. ಬೆನ್ನಿಗೆ ಬಿದಿರುಕಡ್ಡಿ ಸಿಕ್ಕಿಸಿ ತುದಿಗಳನ್ನು ಕಟ್ಟಿದರೆ ಹಿಡಿಕೆ ಸಿದ್ಧ. ಅಚ್ಚನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸಿ ಒತ್ತಬೇಕು. ನೇರ ಗುದ್ದಿದರೆ ನಡುಭಾಗ ಮಾತ್ರ ಮೂಡುತ್ತದೆ. ನಾನು ಹೆಚ್ಚಾಗಿ ಕೊರೆಯುವುದು ಎಲ್ಲರೂ ಹತ್ತಲೇಬೇಕಾದ ಸಾವಿನ ಏಣಿಯ ಗುರುತು.

ಅಲ್ಲಿ ಬಾಡಿಯೆ ಮರದ ತೊಗಟೆಯನ್ನು ಕಬ್ಬಿಣದ ಕಿಟ್ಟದೊಂದಿಗೆ ಗಟ್ಟಿಯಾಗುವವರೆಗೆ ಕುದಿಸಿ ಶಾಯಿ ಮಾಡುತ್ತಾರೆ. ಆ ತೊಗಟೆ ಸಿಗದ ಕಾರಣ ನಾನು ಅಳಲೆಕಾಯಿ ಬಳಸುತ್ತೇನೆ. ಹತ್ತಿ ಬಟ್ಟೆಯ ಗಂಜಿ ಹೋಗುವಂತೆ ಬಿಸಿನೀರಲ್ಲಿ ಒಗೆದು, 100 ಗ್ರಾಂ ಬಟ್ಟೆಗೆ 20 ಗ್ರಾಂ ಅಳಲೆಪುಡಿ, ಒಂದೂವರೆ ಲೀಟರ್ ನೀರಿನಂತೆ ರಾತ್ರಿಯಿಡೀ ನೆನೆಸಿ, ಜಾಲಿಸದೆ ಒಣಗಿಸುತ್ತೇನೆ. ಬೆಲ್ಲದ ನೀರಿನಲ್ಲಿ ತುಕ್ಕು ಕಬ್ಬಿಣವನ್ನು ಎರಡು ಮೂರು ವಾರ ಹುಳಿಯಲು ಬಿಟ್ಟು ಸೋಸಿ, ಹುಣಸೆಬೀಜದ ಹಿಟ್ಟು ಹಾಕಿ ಕಾಸಿದರೆ ಶಾಯಿ. ಒತ್ತಿದ ಕೆಲ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಗುರುತಿನ ಸುತ್ತ ಹಳದಿ ಅಂಚು ಕಂಡರೆ ಕಬ್ಬಿಣ ಹೆಚ್ಚಾಗಿದೆ, ಅಳಲೆಯ ಒಗರು ಸಾಲದು ಎಂದರ್ಥ. ಹೆಚ್ಚಾದ ಕಬ್ಬಿಣ ವರ್ಷಗಳು ಕಳೆದಂತೆ ನೂಲನ್ನೇ ತಿನ್ನುತ್ತದೆ. ಅದಕ್ಕೇ ಪೂರ್ತಿ ಒಣಗಿದ ಮೇಲೆ ನೀರು ತಿಳಿಯಾಗುವವರೆಗೆ ಜಾಲಿಸಲೇಬೇಕು.

ಅಚ್ಚೊತ್ತುವ ಮೊದಲು, ಅಲ್ಲಿಯವರಂತೆ, ಬಾಚಣಿಗೆಯಿಂದ ಗೆರೆ ಎಳೆದು ಚೌಕಗಳಾಗಿ ಮಾಡಿಕೊಳ್ಳುತ್ತೇನೆ. ಶಾಯಿ ಮತ್ತೆ ಅದ್ದದೆ ಐದಾರು ಸಲ ಒತ್ತುತ್ತ ಹೋದರೆ ಏಣಿ ಮಸುಕಾಗುತ್ತ ಬಟ್ಟೆಯಲ್ಲಿ ಕರಗುತ್ತದೆ. ಭಾವ ನಿಲ್ಲುವುದು ಇಲ್ಲಿಯೇ. ಎಲ್ಲ ಗುರುತೂ ಒಂದೇ ಕಪ್ಪಾದರೆ ಅದು ಬರೀ ವಿನ್ಯಾಸ.

ಬಟ್ಟೆ ಅಂಟಿಸುವ 12 ಮಿ.ಮೀ. ಪ್ಲೈವುಡ್‌ನ ಎರಡೂ ಬದಿಗೆ ಪ್ರೈಮರ್ ಹೊಡೆಯಬೇಕು, ಒಂದೇ ಬದಿಗೆ ಹೊಡೆದರೆ ಹಲಗೆ ಬಾಗುತ್ತದೆ. ಬಟ್ಟೆಯನ್ನು ಅಕ್ರಿಲಿಕ್ ಮ್ಯಾಟ್ ಮೀಡಿಯಂನಲ್ಲಿ (ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಅಂಟಿಸಿ, ನಡುವಿನಿಂದ ಹೊರಕ್ಕೆ ಗಾಳಿ ತಳ್ಳಿ, ಒಂದು ದಿನ ಒಣಗಲು ಬಿಡುತ್ತೇನೆ. ಕೆಂಪು ಬರುವುದು ಕೊನೆಗೆ: ಒಂದು ಪಾಲು ಅಕ್ರಿಲಿಕ್ ಬಣ್ಣಕ್ಕೆ ಐದು ಪಾಲು ಮೀಡಿಯಂ ಬೆರೆಸಿ ಎರಡು ತೆಳು ಪದರ. ದಪ್ಪ ಬಳಿದರೆ ಮಸುಕು ಏಣಿಗಳೇ ಮೊದಲು ಮುಚ್ಚಿಹೋಗುತ್ತವೆ. ಒಂದು ವಾರದ ನಂತರ ಮ್ಯಾಟ್ ವಾರ್ನಿಶ್. ಮಳೆನಾಡಿನ ಗೋಡೆಗಾದರೆ ಹಲಗೆಯ ಹಿಂದೆ ಒಂದಿಂಚು ಮರದ ಪಟ್ಟಿ ಹೊಡೆದು ಗಾಳಿಯಾಡಲು ಜಾಗ ಬಿಡಿ, ಇಲ್ಲವಾದರೆ ಬೂಷ್ಟು ಹಿಂಬದಿಯಿಂದ ಹತ್ತುತ್ತದೆ.