ಕಲಬುರಗಿಯ ಬೇಸಿಗೆಯಲ್ಲಿ ಎ.ಸಿ. ಇಲ್ಲದೆ ಓವರ್‌ಕ್ಲಾಕ್: ನನ್ನ ಅನುಭವ

ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಬಿಸಿಲಿರುವಾಗ, ಎ.ಸಿ. ಇಲ್ಲದ ಮೇಲ್ಮಹಡಿಯ ಕೋಣೆಯಲ್ಲಿ ಓವರ್‌ಕ್ಲಾಕ್ ಮಾಡಿದ, ಅಂದರೆ ಕಂಪನಿ ನಿಗದಿಪಡಿಸಿದ (ಸ್ಟಾಕ್) ವೇಗಕ್ಕಿಂತ ಜೋರಾಗಿ ಓಡಿಸಿದ ಕಂಪ್ಯೂಟರ್ ಹಗಲಿಡೀ ಮದುವೆ ವಿಡಿಯೊ ರೆಂಡರ್ ಮಾಡುತ್ತದೆ ಎಂದರೆ ನಮ್ಮಲ್ಲಿ ಯಾರೂ ನಂಬುತ್ತಿರಲಿಲ್ಲ. ಬಿಡಿಭಾಗ ಕೊಟ್ಟ ಅಂಗಡಿಯವರು "ಲಿಕ್ವಿಡ್ ಕೂಲರ್ ಇಲ್ಲಂದ್ರ ಆಗಂಗಿಲ್ಲ ಬಿಡ್ರಿ ಸರ್" ಎಂದರು. ಬೆಂಗಳೂರಿನಲ್ಲಿ ಇದೇ ಹುಚ್ಚು ಹಚ್ಚಿಕೊಂಡಿರುವ ನನ್ನ ಸೋದರಮಾವನ ಮಗ "ನಿಮ್ಮೂರಾಗ ಸ್ಟಾಕ್ ಸ್ಪೀಡಿನ್ಯಾಗ ಓಡಿದ್ರ ಪುಣ್ಯ" ಎಂದು ನಕ್ಕ. ಈಗ ಎರಡು ಬೇಸಿಗೆ ಕಳೆದಿವೆ. ಎರಡನೆಯದರಲ್ಲಿ ಒಂದು ಸಲವೂ ಯಂತ್ರ ಕೈಕೊಡಲಿಲ್ಲ.

ಯಂತ್ರ ದೊಡ್ಡದೇನಲ್ಲ: ರೈಜನ್ 5 3600 ಸಿಪಿಯು, ಬಿ450 ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮತ್ತು ಓವರ್‌ಕ್ಲಾಕ್‌ಗೆ ಚೆನ್ನಾಗಿ ಒಗ್ಗುವ ಸ್ಯಾಮ್‌ಸಂಗ್ ಬಿ-ಡೈ ಚಿಪ್‌ಗಳಿರುವ 8 ಜಿಬಿಯ ಎರಡು ಸ್ಟಿಕ್. ಈ ರ‍್ಯಾಮನ್ನು ಸುಮಾರು ಆರು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದೆ. ವೇಗ 3200, ಸಿಎಲ್14 (ಕೇಳಿದ ಮಾಹಿತಿ ಕೊಡಲು ಮೆಮೊರಿ ಕಾಯಿಸುವ ಹೊತ್ತಿನ ಅಳತೆ, ಕಡಿಮೆಯಿದ್ದಷ್ಟೂ ಚುರುಕು) ಎಂದು ಬರೆದದ್ದನ್ನು ನೋಡಿಯೇ ಒಳಗಿರುವುದು ಬಿ-ಡೈ ಎಂದು ಗುರುತಿಸಿದ್ದೆ. ಮಾರಿದವರಿಗೆ ಅದು ಗೊತ್ತಿರಲಿಲ್ಲ.

ಸಿಪಿಯು ವಿಷಯ ಬೇಗ ಮುಗಿಯಿತು. ಮೊದಲು ಎಲ್ಲರಂತೆ 4.2 ಗಿಗಾಹರ್ಟ್ಸ್‌ಗೆ 1.33 ವೋಲ್ಟ್ ಕೊಟ್ಟೆ. ಕೋಣೆ 37 ಡಿಗ್ರಿ ಇದ್ದಾಗ ರೆಂಡರ್ ಶುರುವಾದ ಕೆಲವೇ ನಿಮಿಷಗಳಲ್ಲಿ ಸಿಪಿಯು ತಾಪ 94ಕ್ಕೆ ಮುಟ್ಟಿತು, ಅಂದರೆ 95ರ ಮಿತಿಯ ಅಂಚಿಗೆ ಬಂದು ತಾನೇ ವೇಗ ಇಳಿಸಿಕೊಳ್ಳತೊಡಗಿತು. ನೂರು ಮೆಗಾಹರ್ಟ್ಸ್ ಬಿಟ್ಟುಕೊಟ್ಟು 4.1ಕ್ಕೆ ಇಳಿದಾಗ 1.2 ವೋಲ್ಟ್ ಸಾಕಾಯಿತು ಮತ್ತು ತಾಪ 80ರ ಆಸುಪಾಸಿನಲ್ಲಿ ನಿಂತಿತು. ಸುಮಾರು 2,800 ರೂಪಾಯಿಯ ಟವರ್ ಕೂಲರ್ ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ. 3600ರಲ್ಲಿ ಕೋರ್‌ಗಳಿರುವ ಚಿಕ್ಕ ಚಿಪ್ ಮುಚ್ಚಳದ ನಡುವಿನಲ್ಲಿಲ್ಲದೆ ಒಂದು ಬದಿಗಿರುವುದರಿಂದ, ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟನ್ನು ನಡುವೆ ಒಂದು ಬೊಟ್ಟು ಇಟ್ಟು ಬಿಡದೆ ಮೂಲೆಯವರೆಗೂ ಸವರಿದೆ. ಇದರಿಂದ ಎರಡು ಡಿಗ್ರಿ ಇಳಿದಿರಬಹುದು.

ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡದ್ದು ರ‍್ಯಾಮ್. ಅದರ ವೇಗ 3600, ಸಿಎಲ್14, 1.45 ವೋಲ್ಟ್, ಟಿಆರ್‌ಎಫ್‌ಸಿ (ಮೆಮೊರಿ ಕೋಶಗಳಿಗೆ ಮತ್ತೆ ಚಾರ್ಜ್ ತುಂಬಲು ಕೊಡುವ ಸಮಯ) 280 ಇಟ್ಟು ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಟೆಸ್ಟ್‌ಮೆಮ್5 ಓಡಿಸಿದೆ. ಬೆಳಿಗ್ಗೆ ನೋಡಿದರೆ ಒಂದು ಎರರ್ ಕೂಡ ಇರಲಿಲ್ಲ. ಆ ಹೆಮ್ಮೆಯಲ್ಲಿ ಮಧ್ಯಾಹ್ನ ಗಿರಾಕಿಯೊಬ್ಬರ ಆರತಕ್ಷತೆಯ ವಿಡಿಯೊ ಹಚ್ಚಿದೆ, ಅರ್ಧ ಗಂಟೆಯಲ್ಲಿ ನೀಲಿ ಪರದೆ ಬಂತು. ವೋಲ್ಟೇಜ್ ಸಾಲದೇನೋ ಎಂದು 1.48 ಮಾಡಿದೆ, ಅದೂ ಸಾಲದೆ 1.50ಕ್ಕೆ ಏರಿಸಿದೆ. ಆಗ ನೀಲಿ ಪರದೆ ಹತ್ತೇ ನಿಮಿಷಕ್ಕೆ ಬರತೊಡಗಿತು. ಮೂರನೆಯ ದಿನ ಪ್ರಾಜೆಕ್ಟ್ ಫೈಲೇ ಕೆಟ್ಟು ತೆರೆಯದಾಯಿತು; ಗಿರಾಕಿಗೆ ನಾಲ್ಕು ಸಾವಿರ ಅಡ್ವಾನ್ಸ್ ಹಿಂದಿರುಗಿಸಿದ್ದಲ್ಲದೆ ವಿಂಡೋಸನ್ನೂ ಹೊಸದಾಗಿ ಹಾಕಬೇಕಾಯಿತು.

ರಾತ್ರಿ ಪಾಸಾಗುವುದು ಹಗಲು ಏಕೆ ಬೀಳುತ್ತದೆ ಎಂದು ಯೋಚಿಸಲು ನಾನು ತಿಂಗಳು ತೆಗೆದುಕೊಂಡದ್ದು ನಾಚಿಕೆಯ ಸಂಗತಿ. ಈ ಸ್ಟಿಕ್‌ಗಳಲ್ಲಿ ತಾಪದ ಸೆನ್ಸರ್ ಇದೆ, ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಕಾಣಿಸುತ್ತದೆ, ಆದರೆ ನಾನು ಆ ಸಾಲನ್ನು ನೋಡಿಯೇ ಇರಲಿಲ್ಲ. ರಾತ್ರಿ ಪರೀಕ್ಷೆಯಲ್ಲಿ 41 ಡಿಗ್ರಿ ಇದ್ದದ್ದು, ಮಧ್ಯಾಹ್ನ ಗ್ರಾಫಿಕ್ಸ್ ಕಾರ್ಡೂ ದುಡಿಯುವಾಗ ಅದರ ಬಿಸಿ ಗಾಳಿ ನೇರ ಮೇಲೇರಿ ಸ್ಟಿಕ್‌ಗಳಿಗೆ ಬಡಿದು 57 ಆಗುತ್ತಿತ್ತು, 1.50 ವೋಲ್ಟ್‌ನಲ್ಲಿ 60 ಮುಟ್ಟಿತ್ತು. ಬಿಸಿಯಾದಷ್ಟೂ ಮೆಮೊರಿಯ ಕೋಶಗಳಿಂದ ಚಾರ್ಜ್ ಬೇಗ ಸೋರುತ್ತದೆ, ಅದರಲ್ಲೂ ಟಿಆರ್‌ಎಫ್‌ಸಿ ಬಿಗಿ ಹಿಡಿದ ಬಿ-ಡೈ 50 ದಾಟಿದರೆ ಸಹಿಸುವುದಿಲ್ಲ. ನಾನು ಮದ್ದೆಂದು ಕೊಡುತ್ತಿದ್ದ ವೋಲ್ಟೇಜೇ ರೋಗವನ್ನು ಹೆಚ್ಚಿಸುತ್ತಿತ್ತು.

ಅಲ್ಲಿಂದ ಇಳಿಯುತ್ತಾ ಬಂದೆ. ವೋಲ್ಟೇಜ್ 1.40, ಟೈಮಿಂಗ್ 16-16-16 (ಅಂದರೆ ಸಿಎಲ್16), ಟಿಆರ್‌ಎಫ್‌ಸಿ 324, ಎಸ್‌ಒಸಿ (ಸಿಪಿಯು ಒಳಗೆ ಮೆಮೊರಿಯನ್ನು ನಿಭಾಯಿಸುವ ಭಾಗ) ವೋಲ್ಟೇಜ್ 1.1ರಿಂದ 1.05. ಸಿಎಲ್14ಕ್ಕೂ 16ಕ್ಕೂ ಒಂದು ಗಂಟೆಯ ರೆಂಡರ್‌ನಲ್ಲಿ ಅರ್ಧ ನಿಮಿಷದ ವ್ಯತ್ಯಾಸವೂ ಕಾಣಲಿಲ್ಲ. ಅಷ್ಟಕ್ಕಾಗಿ ನಾಲ್ಕು ಸಾವಿರ ಕಳೆದುಕೊಂಡಿದ್ದೆ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟನ್ನು ಶೇ 80ಕ್ಕೆ ಇಳಿಸಿದೆ. ಗುಜರಿಯ ಕ್ಯಾಬಿನೆಟ್ಟಿನಿಂದ ಕಿತ್ತ ಸ್ಲಾಟ್ ಪಟ್ಟಿಯನ್ನು ಇಕ್ಕಳದಿಂದ ಎಲ್ ಆಕಾರಕ್ಕೆ ಬಗ್ಗಿಸಿ, ಅದಕ್ಕೆ 92 ಮಿ.ಮೀ. ಫ್ಯಾನೊಂದನ್ನು ಕೇಬಲ್ ಟೈಯಿಂದ ಬಿಗಿದು ಸ್ಟಿಕ್‌ಗಳ ಎದುರು ನಿಲ್ಲಿಸಿದೆ. ಪಟ್ಟಿ ಗುನುಗದಂತೆ ನಡುವೆ ಸೈಕಲ್ ಟ್ಯೂಬಿನ ತುಂಡಿಟ್ಟೆ. ಒಟ್ಟು ಖರ್ಚು 350 ರೂಪಾಯಿ. ಫ್ಯಾನನ್ನು ನೇರ ಇಟ್ಟರೆ ಕಾರ್ಡಿನ ಬಿಸಿ ಗಾಳಿಯನ್ನೇ ಎಳೆದು ಊದುತ್ತದೆ. ಯಾವ ಕೋನದಲ್ಲಿ ಇಟ್ಟೆ ಎಂಬುದನ್ನು ಮಾತ್ರ ಹೇಳಲಾರೆ, ಎರಡು ಭಾನುವಾರ ಅದಕ್ಕೇ ಹೋಗಿವೆ. ಈಗ ಮಧ್ಯಾಹ್ನ ಮೂರು ಗಂಟೆಗೂ ಸ್ಟಿಕ್ 47 ಮೀರುವುದಿಲ್ಲ. ಎಕ್ಸ್‌ಎಂಪಿ (ಮೆಮೊರಿ ತಯಾರಕರೇ ಕೊಟ್ಟ ವೇಗದ ಸೆಟ್ಟಿಂಗ್) ಕೂಡ ಹಾಕದಿದ್ದಾಗ 58 ನಿಮಿಷ ಹಿಡಿಯುತ್ತಿದ್ದ ರೆಂಡರ್ ಸುಮಾರು 51ಕ್ಕೆ ಮುಗಿಯುತ್ತಿದೆ.

ನಡುವೆ ಮಾಡಿದ ಎರಡು ದಡ್ಡತನಗಳನ್ನೂ ಹೇಳಬೇಕು. ಕ್ಯಾಬಿನೆಟ್ಟಿನ ಪಕ್ಕದ ಹಾಳೆ ತೆಗೆದಿಟ್ಟಾಗ ನಾಲ್ಕು ಡಿಗ್ರಿ ಇಳಿಯಿತು, ಆದರೆ ನಮ್ಮ ಓಣಿಯಲ್ಲಿರುವ ತೊಗರಿ ಬೇಳೆ ಮಿಲ್ಲಿನ ಹಳದಿ ಧೂಳು ಎಂಟೇ ದಿನದಲ್ಲಿ ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತು, ಇಳಿದದ್ದಕ್ಕಿಂತ ಹೆಚ್ಚು ಏರಿತು. ನೀರಿನ ಏರ್ ಕೂಲರನ್ನು ಬಾಗಿಲಲ್ಲಿಟ್ಟಾಗ ಕೋಣೆ 37ರಿಂದ 31ಕ್ಕೆ ಬಂತು, ಎಲ್ಲ ತಾಪವೂ ಸೊಗಸಾಗಿ ಇಳಿಯಿತು. ಮೂರು ವಾರದ ನಂತರ ನೋಡಿದರೆ ಗಡುಸು ನೀರಿನ ಹನಿಗಳು ಫ್ಯಾನಿನ ಎಲೆಗಳ ಮೇಲೆ ಬಿಳಿ ಕಲೆಯಾಗಿ ಕೂತಿದ್ದವು, ಹಿಂಬದಿಯ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಅಂದೇ ಅದನ್ನು ಪಡಸಾಲೆಗೆ ಕಳಿಸಿದೆ, ಮನೆಯವರಿಗೆ ಸಂತೋಷವಾಯಿತು.

ಮೆಮೊರಿಯ ವೇಗ 3800 ಮಾತ್ರ ನನಗೆ ಒಲಿದಿಲ್ಲ. ಅದಕ್ಕೆ ಹೊಂದುವಂತೆ ಫ್ಯಾಬ್ರಿಕ್ (ಸಿಪಿಯು ಒಳಗಿನ ಭಾಗಗಳನ್ನು ಜೋಡಿಸುವ ಸಂಪರ್ಕ) 1900ಕ್ಕೆ ಏರಿಸಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಸೆಟ್ಟಿಂಗ್ ಅಳಿಸಲು ಪ್ರತಿ ಸಲ ಬೋರ್ಡಿನ ಸಿಮಾಸ್ ಸೆಲ್ ತೆಗೆಯಬೇಕು. ಈ ಚಿಪ್ಪಿನ ಹಣೆಬರಹವೇ ಅಷ್ಟಿರಬೇಕು. ಈಗ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಇರುವ ತಂತ್ರಾಂಶ) ಎರಡು ಪ್ರೊಫೈಲ್ ಉಳಿಸಿಟ್ಟಿದ್ದೇನೆ. ದೀಪಾವಳಿಯಿಂದ ಸಿಎಲ್14ರದ್ದು ನಡೆಯುತ್ತದೆ, ಶಿವರಾತ್ರಿ ಮುಗಿದ ವಾರವೇ 1.40 ವೋಲ್ಟಿನದ್ದಕ್ಕೆ ಬದಲಾಯಿಸಿ ಫಿಲ್ಟರ್ ತೊಳೆದಿಡುತ್ತೇನೆ.