ಹೂವು ತನ್ನಿ ಎಂದು ಬರೆದೆ, ಮಲ್ಲಿಗೆ ಬಂತು

ನಮ್ಮದು ಮಂಗಳೂರಿನ ಕಡಲ ಬದಿಯ ಒಂದು ಕೆಥೊಲಿಕ್ ಹಿರಿಯ ಪ್ರಾಥಮಿಕ ಶಾಲೆ. ಅನುದಾನಿತ, ಕನ್ನಡ ಮಾಧ್ಯಮ, ಚರ್ಚಿನ ಅಂಗಳಕ್ಕೆ ತಾಗಿಕೊಂಡೇ ಉಂಟು. ಸಂಚಾಲಕರು ಚರ್ಚಿನ ಫಾದರ್, ಮುಖ್ಯೋಪಾಧ್ಯಾಯಿನಿ ಸಿಸ್ಟರ್. ನಾನು ಕ್ರೈಸ್ತಳಲ್ಲ, ಮನೆಮಾತು ತುಳು. ಹೆತ್ತವರಿಗೆ ಸೂಚನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. "ಟೀಚರ್, ನಿಮ್ಮ ಕೈಬರಹ ಚಂದ ಉಂಟು, ಇನ್ನು ನೀವೇ ಬರೀರಿ" ಎಂದರು ಆಗಿನ ಸಿಸ್ಟರ್. ಈಗ ಕೈಬರಹಕ್ಕೆ ಕೆಲಸವೇ ಇಲ್ಲ, ಎಲ್ಲ ವಾಟ್ಸಾಪ್. ಆದರೂ ಕೆಲಸ ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ.

ಮೊದಲ ವರ್ಷಗಳಲ್ಲಿ ನಾನು ಬರೆಯುತ್ತಿದ್ದದ್ದು ಹೀಗೆ: "ಈ ಮೂಲಕ ಸಮಸ್ತ ಪೋಷಕರ ಗಮನಕ್ಕೆ ತರಬಯಸುವುದೇನೆಂದರೆ, ಶಾಲಾ ಸಭಾಂಗಣದಲ್ಲಿ ಶಿಕ್ಷಕ-ರಕ್ಷಕ ಸಂಘದ ಸಭೆಯನ್ನು ಹಮ್ಮಿಕೊಳ್ಳಲಾಗಿದ್ದು, ತಾವುಗಳು ತಪ್ಪದೆ ಹಾಜರಿರಬೇಕಾಗಿ ಕೋರಲಾಗಿದೆ." ಬರೆದು ಮುಗಿಸಿದಾಗ ಏನೋ ದೊಡ್ಡ ಕೆಲಸ ಮಾಡಿದ ಹಾಗೆ ಆಗುತ್ತಿತ್ತು. ಒಮ್ಮೆ ಸಂಜೆ ಒಬ್ಬ ಹುಡುಗಿಯ ಮನೆಗೆ ಹೋಗಿದ್ದೆ. ಅವಳ ಅಮ್ಮ ಜಗಲಿಯಲ್ಲಿ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. "ಡೈರಿಯಲ್ಲಿ ಏನೋ ಬರೆದಿದ್ದಾರಲ್ಲ, ಓದು" ಎಂದರು ಮಗಳಿಗೆ. ಅವಳು 'ತರಬಯಸುವುದೇನೆಂದರೆ' ಎಂಬಲ್ಲಿಗೆ ಎಡವಿ, ಡೈರಿ ಮುಚ್ಚಿ, "ಎಂತದೋ ಮೀಟಿಂಗಂತೆ" ಎಂದು ಆಡಲು ಓಡಿದಳು. ನಾನು ಎದುರಿಗೇ ಕೂತಿದ್ದೆ. ಆ ತಾಯಿ ನಕ್ಕು, "ಯಾವಾಗ ಟೀಚರ್?" ಎಂದು ನನ್ನನ್ನೇ ಕೇಳಿದರು. ದಿನ ಹೇಳಿದೆ. "ಅಂದು ನಾನು ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗಬೇಕಲ್ಲಾ" ಎಂದರು.

ಅಂದಿನಿಂದ ಎರಡು ಬದಲಾವಣೆ ಮಾಡಿಕೊಂಡೆ. ಸೂಚನೆಯ ಮೊದಲ ಸಾಲಿನಲ್ಲೇ ದಿನ, ವಾರ, ಗಂಟೆ. ಮತ್ತೆ, ಸಭೆಯ ದಿನ ಇಡುವ ಮುಂಚೆ ಬೀಡಿ ಬ್ರಾಂಚಿನ ದಿನ ಕೇಳಿಕೊಳ್ಳುವುದು. ಮೀನುಗಾರಿಕೆಗೆ ಹೋಗುವ ಅಪ್ಪಂದಿರು ಬರಬೇಕೆಂದಿದ್ದರೆ ಜೂನ್, ಜುಲೈ ಬಿಟ್ಟರೆ ಬೇರೆ ತಿಂಗಳೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ಬಂದರಿನ ಧಕ್ಕೆಯಲ್ಲಿ. ಆಗಸ್ಟ್ ಬಂತೆಂದರೆ ಅವರು ವಾರಗಟ್ಟಲೆ ಕಡಲಲ್ಲಿ, ಮನೆಯ ಒಂದೇ ಫೋನ್ ಅವರ ಜೊತೆಗೆ. ಆ ಮನೆಗಳಿಗೆ ಈಗಲೂ ಮಕ್ಕಳ ಡೈರಿಯಲ್ಲೇ ಬರೆದು ಕಳಿಸುತ್ತೇನೆ.

ಕೆಥೊಲಿಕ್ ಮನೆಗಳಿಗೆ ಸುದ್ದಿ ಮುಟ್ಟಿಸುವುದು ಸುಲಭ. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಪ್ರಕಟಣೆ ಓದುತ್ತಾರೆ, ಹೋಗದವರಿಗೆ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರು ಹೇಳುತ್ತಾರೆ. ಒಂದೇ ವಿಷಯ ಅವರ ಕಿವಿಗೆ ಮೂರು ಸಲ ಬೀಳುತ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆ ಮನೆಗಳವರಲ್ಲ. ಮೊಗವೀರರು, ಬ್ಯಾರಿಗಳು, ಬಿಲ್ಲವರು, ಈಚೆಗೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಚರ್ಚಿನ ಹಬ್ಬ ಎಂದರೆ ಏನು, ಅದಕ್ಕೆ ಎಷ್ಟು ಮಾಡಬೇಕು ಎಂಬ ಅಂದಾಜು ಇವರಿಗೆ ಇರುವುದಿಲ್ಲ. ಆ ಅಂದಾಜು ನನಗೂ ಇರಲಿಲ್ಲ.

2024ರ ಮೊಂತಿ ಫೆಸ್ತ್ ಅದನ್ನು ಕಲಿಸಿತು. ಸೆಪ್ಟೆಂಬರ್ 8 ಮರಿಯ ಮಾತೆಯ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ, ಆಗಸ್ಟ್ 30ರಿಂದ, ಮಕ್ಕಳು ಬೆಳಿಗ್ಗೆ ಮಾತೆಯ ಪುಟ್ಟ ಪ್ರತಿಮೆಯ ಮುಂದೆ ಹೂ ಹಾಕುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆಗೆ ಆಶೀರ್ವಾದ, ಮನೆಗಳಲ್ಲಿ ಮೀನು ಮಾಂಸ ಇಲ್ಲದ ಹೊಸ ಅಕ್ಕಿಯ ಊಟ. ನಮ್ಮ ಕರಾವಳಿಯ ತೆನೆ ಹಬ್ಬವಾದ ಕುರಲ್ ಪರ್ಬಕ್ಕೂ ಇದಕ್ಕೂ ತುಂಬ ದೂರ ಇಲ್ಲ, ಹಾಗಾಗಿ ಎಲ್ಲ ಮಕ್ಕಳಿಗೂ ಇದೆಂದರೆ ಖುಷಿ. ನಾನು ಬರೆದದ್ದು ಒಂದೇ ಸಾಲು: "ಮೊಂತಿ ಫೆಸ್ತ್ ಪ್ರಯುಕ್ತ ಎಲ್ಲ ಮಕ್ಕಳು ಪ್ರತಿದಿನ ಹೂವು ತರತಕ್ಕದ್ದು."

ಆ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ ಬಿದ್ದಿತ್ತು. ಗೌರಿ ಹಬ್ಬ, ಚೌತಿ, ಮೊಂತಿ ಸಾಲಾಗಿ ಮೂರು ದಿನ. ಆ ವಾರ ಮಲ್ಲಿಗೆಯ ರೇಟು ಕೇಳುವ ಹಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮೂರನೇ ಕ್ಲಾಸಿನ ಒಬ್ಬ ಹುಡುಗ ಬಾಳೆ ಎಲೆಯಲ್ಲಿ ಸುತ್ತಿದ ಎರಡು ಚೆಂಡು ಮಲ್ಲಿಗೆ ತಂದು ಮೇಜಿನ ಮೇಲಿಟ್ಟ. ಬಾಗಲಕೋಟೆ ಕಡೆಯವನು. ಅಪ್ಪ ಗಾರೆ ಕೆಲಸ, ಅಮ್ಮ ಹೊರೆ ಹೊರುವವರು, ಲೈನ್ ಮನೆಯಲ್ಲಿ ವಾಸ. ಉಳಿದ ಮಕ್ಕಳ ಕೈಯಲ್ಲಿ ದಾಸವಾಳ, ಕೇಪುಳ, ರಥಪುಷ್ಪ, ಬಾಡಿದ ಗೊರಟೆ. ಅವರದು ಎಲ್ಲ ಹಿತ್ತಲಲ್ಲಿ ಕೊಯ್ದದ್ದು. ಲೈನ್ ಮನೆಗೆ ಎಲ್ಲಿಯ ಹಿತ್ತಿಲು?

ಸಂಜೆ ಅವನ ಅಮ್ಮ ಕರೆದೊಯ್ಯಲು ಬಂದಾಗ ಕೇಳಿದೆ, "ಯಾಕಮ್ಮ ಅಷ್ಟು ದುಡ್ಡು ಕೊಟ್ಟು ತಂದಿರಿ?" ಅವರು, "ದೇವ್ರಿಗೆ ಅಂತ ಬರದೀರಿ, ಬಾಡಿದ್ದು ಕಳಸಾಕ ಆಗ್ತೈತೇನ್ರಿ ಟೀಚರ್?" ಎಂದರು. ಎಷ್ಟಾಯಿತು ಎಂದು ಎರಡು ಸಲ ಕೇಳಿದರೂ ಹೇಳಲಿಲ್ಲ.

ಸಿಸ್ಟರ್ ಬಳಿ ಹೋಗಿ ಹೇಳಿದೆ. ಅವರು ನನ್ನ ಸೂಚನೆಯನ್ನು ಇನ್ನೊಮ್ಮೆ ಓದಿ, 'ತರತಕ್ಕದ್ದು' ಎಂಬ ಶಬ್ದದ ಮೇಲೆ ಬೆರಳಿಟ್ಟರು. "ಹಣದ ವಿಷಯ ಬಿಡಿ, ಇದನ್ನು ಬರೆಯಲಿಕ್ಕೇ ನಮಗೆ ಹಕ್ಕಿಲ್ಲ" ಎಂದರು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಹೆತ್ತವರ ಒಪ್ಪಿಗೆ ಇಲ್ಲದೆ ಪ್ರಾರ್ಥನೆ, ಪೂಜೆಗೆ ಕಡ್ಡಾಯ ಮಾಡುವ ಹಾಗಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಉಂಟು. ನಮ್ಮಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮ ಬೋಧನೆ, ಉಳಿದವರಿಗೆ ಅದೇ ಹೊತ್ತಿಗೆ ಮೌಲ್ಯ ಶಿಕ್ಷಣ ಎಂದು ಬೇರೆ ಬೇರೆ ಮಾಡುವುದೂ ಅದಕ್ಕೇ. ಎಷ್ಟೋ ವರ್ಷದಿಂದ ಆ ಕ್ಲಾಸು ತೆಗೆದುಕೊಳ್ಳುತ್ತಿದ್ದೇನೆ, ಕಾರಣ ಗೊತ್ತಿತ್ತು, ಆದರೂ ಕೈ ತನ್ನಷ್ಟಕ್ಕೆ 'ತಕ್ಕದ್ದು' ಎಂದು ಬರೆದಿತ್ತು. ಮರುವರ್ಷ ಬರೆದದ್ದು ಇದು:

"ಆಗಸ್ಟ್ 30, ಶನಿವಾರದಿಂದ ಒಂಬತ್ತು ದಿನ ಮೊಂತಿ ಹಬ್ಬದ ಹೂವಿನ ಪ್ರಾರ್ಥನೆ. ಇಷ್ಟ ಇರುವ ಮಕ್ಕಳು ಒಂದು ಹೂವು ತರಬಹುದು. ಬೇಲಿಯ ಹೂವಾದರೂ ಆಗುತ್ತದೆ. ಕೊಂಡು ತರಬೇಡಿ. ತಾರದಿದ್ದರೂ ಬೇಸರ ಇಲ್ಲ."

ಆ 'ಬೇಡಿ' ಎಂಬ ಸಾಲು ಅಲ್ಲಿಂದ ನನ್ನ ಎಲ್ಲ ಸೂಚನೆಗಳಿಗೂ ಹತ್ತಿಕೊಂಡಿತು. ಹಳೆಯದನ್ನೆಲ್ಲ ತಿರುವಿ ನೋಡಿದೆ. ನಮ್ಮ ಹೆತ್ತವರು ಶಾಲೆ ಹೇಳಿದ್ದನ್ನು ಮಾಡದೆ ಬಿಟ್ಟದ್ದಕ್ಕಿಂತ, ಹೇಳಿದ್ದಕ್ಕಿಂತ ಹೆಚ್ಚು ಮಾಡಿ ಕಷ್ಟಪಟ್ಟದ್ದೇ ಜಾಸ್ತಿ. ಛದ್ಮವೇಷ ಎಂದು ಬರೆದರೆ ಬಾಡಿಗೆಗೆ ಕಿರೀಟ ತರುತ್ತಾರೆ. ಜಂತುಹುಳದ ಮಾತ್ರೆ ಕೊಡುತ್ತೇವೆ ಎಂದರೆ ಖಾಲಿ ಹೊಟ್ಟೆಯಲ್ಲಿ ಕಳಿಸುತ್ತಾರೆ, ಆಸ್ಪತ್ರೆಯ ರಕ್ತ ಪರೀಕ್ಷೆ ಎಂದುಕೊಂಡು. ಈಗ ಮಾತ್ರೆಯ ಸೂಚನೆಯಲ್ಲಿ "ಉಪವಾಸ ಕಳಿಸಬೇಡಿ, ತಿಂಡಿ ತಿಂದು ಬರಲಿ" ಎಂಬುದೇ ಮೊದಲು.

ತಪಸ್ಸು ಕಾಲದ ಡಬ್ಬಿಯದ್ದೂ ಅದೇ ಕತೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಮಕ್ಕಳು ಚಾಕಲೇಟಿನ ದುಡ್ಡು ಉಳಿಸಿ ಬಡವರಿಗೆಂದು ಒಂದು ಡಬ್ಬಿಗೆ ಹಾಕುವುದು ರೂಢಿ. "ಮಕ್ಕಳ ತ್ಯಾಗದ ಹಣ ಈ ಶುಕ್ರವಾರ" ಎಂದು ಬರೆದಿದ್ದೆ. ಒಬ್ಬರು ಅಜ್ಜಿ ಶುಕ್ರವಾರ ಬೆಳಿಗ್ಗೆ ಆಫೀಸಿನ ಬಾಗಿಲಲ್ಲಿ ನಿಂತು, "ಈ ತಿಂಗಳು ಕಷ್ಟ ಉಂಟು ಟೀಚರ್, ಫೀಸು ಮುಂದಿನ ತಿಂಗಳು ಕೊಡ್ತೇನೆ" ಎಂದರು. ಅವರ ಪಾಲಿಗೆ ಶಾಲೆ ಕೇಳುವ ಹಣಕ್ಕೆಲ್ಲ ಹೆಸರು ಫೀಸು. ಆಮೇಲೆ ಡಬ್ಬಿಯ ವಿಷಯ ಮನೆಗೆ ಬರೆಯುವುದನ್ನೇ ನಿಲ್ಲಿಸಿದೆ. ಮಕ್ಕಳಿಗೆ ಕ್ಲಾಸಿನಲ್ಲಿ ಹೇಳಿದರೆ ಸಾಕು.

ನನ್ನಿಂದ ನಿಜವಾಗಿ ನಷ್ಟ ಆದದ್ದು 2022ರಲ್ಲಿ. ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲ ಬೇಗ ಮಾಡಿಸಿ ಎಂದು ವಾರಕ್ಕೊಮ್ಮೆ ನೆನಪಿಸುತ್ತಿದ್ದೆ. ಜನ ಕೂಲಿ ಬಿಟ್ಟು ನಾಡಕಚೇರಿಯಲ್ಲಿ ಸಾಲು ನಿಂತರು, ಅರ್ಜಿಯೂ ಹಾಕಿಯಾಯಿತು. ನವೆಂಬರ್ ಕೊನೆಗೆ ಕೇಂದ್ರದಿಂದ ಸೂಚನೆ ಬಂತು: ಇನ್ನು ಈ ವಿದ್ಯಾರ್ಥಿವೇತನ 9 ಮತ್ತು 10ನೇ ತರಗತಿಗೆ ಮಾತ್ರ, 1ರಿಂದ 8ರವರಿಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹೇಗೂ ಉಚಿತ ಶಿಕ್ಷಣ ಉಂಟು ಎಂದು. ನಿಯಮ ನನ್ನದಲ್ಲ. ಆದರೆ ಅದು ಬಂದ ದಿನ ನಾನು ಗ್ರೂಪಿನಲ್ಲಿ ಏನೂ ಬರೆಯಲಿಲ್ಲ, ಹೇಗೆ ಬರೆಯುವುದೆಂದು ತೋಚದೆ ಎಂಟು ದಿನ ತಳ್ಳಿದೆ. ಆ ಎಂಟು ದಿನದಲ್ಲಿ ಇನ್ನೂ ಮೂರು ಮನೆಯವರು ನಾಡಕಚೇರಿಗೆ ಹೋಗಿ ಬಂದಿದ್ದರು. ಕೆಟ್ಟ ಸುದ್ದಿಯನ್ನು ಅಂದೇ ಸಂಜೆ ಹಾಕಿಬಿಡಬೇಕು, "ಇನ್ನು ಹೋಗಬೇಡಿ" ಎಂಬ ಎರಡು ಶಬ್ದ ಸಾಕಿತ್ತು.

ಮಳೆ ರಜೆಯ ವಿಷಯ ಹೇಳದಿದ್ದರೆ ದಕ್ಷಿಣ ಕನ್ನಡದ ಟೀಚರ್ ಎಂದು ಯಾರೂ ನಂಬಲಿಕ್ಕಿಲ್ಲ. ಜುಲೈಯಲ್ಲಿ ರಾತ್ರಿ ಒಂಬತ್ತರ ಮೇಲೆ ಫೋನ್ ಕೆಳಗಿಡುವ ಹಾಗಿಲ್ಲ. "ನಾಳೆ ರಜೆ ಉಂಟಾ ಟೀಚರ್?" ಜಿಲ್ಲಾಧಿಕಾರಿಯವರ ಆದೇಶ ಕೆಲವೊಮ್ಮೆ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆ ಬರುತ್ತದೆ. ಅದರ ಮುಂಚೆಯೇ ಹಳೆಯ ಆದೇಶದ ಫೋಟೋಗಳು ಊರೆಲ್ಲ ಸುತ್ತುತ್ತವೆ. ಒಂದು ಬೆಳಿಗ್ಗೆ ಆರೂವರೆಗೆ ಅಂಥದ್ದೊಂದನ್ನು ನಾನೇ ಗ್ರೂಪಿಗೆ ಹಾಕಿದೆ. ಮೊಹರು ಇತ್ತು, ಸಹಿ ಇತ್ತು, ಹೊರಗೆ ಮಳೆ ಕೊಡದಲ್ಲಿ ಸುರಿದ ಹಾಗೆ ಹೊಯ್ಯುತ್ತಿತ್ತು. ತಾರೀಖು ನೋಡಿದ್ದು ಏಳೂಕಾಲಕ್ಕೆ. ಹೋದ ವರ್ಷದ್ದು! ಅಳಿಸಿ, ಕ್ಷಮಿಸಿ ಎಂದು ಬರೆದೆ. ಅಷ್ಟರಲ್ಲಿ ಅರ್ಧ ಊರು ಮತ್ತೆ ಕಂಬಳಿ ಹೊದ್ದು ಮಲಗಿಯಾಗಿತ್ತು. ಅಂದು ಬಂದ ಮಕ್ಕಳು ಬಿಸಿಯೂಟದ ಅಕ್ಕ ಕಾಸಿದ ಹಾಲನ್ನು ಎರಡೆರಡು ಲೋಟ ಕುಡಿದರು, ಲಾಭ ಆದದ್ದು ಅಷ್ಟೇ.

ಈಗ ಆದೇಶದ ಫೋಟೋ ಹಾಕುವುದೇ ಇಲ್ಲ. ಸಿಸ್ಟರ್ ಫೋನ್ ಮಾಡಿ ಹೌದು ಎಂದ ಮೇಲೆ ನಾನೇ ಟೈಪ್ ಮಾಡುತ್ತೇನೆ, ತಾರೀಖು ವಾರ ಸಮೇತ. ರಜೆ ಇಲ್ಲದ ದಿನವೂ ಹಾಕುತ್ತೇನೆ: "ಇಂದು ರಜೆ ಇಲ್ಲ. ಶಾಲೆ ಉಂಟು. ತೋಡಿನಲ್ಲಿ ನೀರು ಜಾಸ್ತಿ ಇದ್ದರೆ ಮಕ್ಕಳನ್ನು ಕಳಿಸಬೇಡಿ, ಚೀಟಿ ಬೇಡ." ನನ್ನ ಸೂಚನೆಗಳಲ್ಲಿ ಅತಿ ಹೆಚ್ಚು ಕೈ ಮುಗಿದ ಚಿಹ್ನೆ ಬರುವುದು ಇದಕ್ಕೆ. ರಜೆ ಕೊಟ್ಟ ದಿನಗಳನ್ನು ಶನಿವಾರ ಮಧ್ಯಾಹ್ನ ತುಂಬಿಸುವ ಸೂಚನೆಗೆ ಮಾತ್ರ ಯಾರೂ ಏನೂ ಒತ್ತುವುದಿಲ್ಲ.

ಮೊಟ್ಟೆಯದ್ದು ಚಿಕ್ಕ ವಿಷಯ, ಆದರೂ ಹೇಳುತ್ತೇನೆ. ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ತಿನ್ನುವವರು, ತಿನ್ನದವರು ಎಂದು ಮನೆಯಿಂದ ಬರೆಸಿ ತಂದೆವು. ಪಟ್ಟಿ ಒಂದು ವಾರವೂ ನಿಲ್ಲಲಿಲ್ಲ. ಸೋಮವಾರ ತಿನ್ನದವರು, ಶ್ರಾವಣದಲ್ಲಿ ತಿನ್ನದವರು, ಅಪ್ಪ ಮಾಲೆ ಹಾಕಿದ್ದಾರೆಂದು ತಿನ್ನದವರು, ತಪಸ್ಸು ಕಾಲದ ಶುಕ್ರವಾರ ಬೇಡ ಎನ್ನುವ ಕ್ರೈಸ್ತ ಮಕ್ಕಳು. ಈಗ ಪಟ್ಟಿ ಹೆಸರಿಗೆ ಉಂಟು. ಅಂದಂದು ಮಗು ಬಾಯಲ್ಲಿ "ಬೇಡ" ಎಂದರೆ ಬಾಳೆಹಣ್ಣು.

ಓದಲು ಬಾರದ ತಾಯಂದಿರಿಗೆ ಸೂಚನೆಯ ಕೆಳಗೇ ತುಳುವಿನಲ್ಲಿ ಅರ್ಧ ನಿಮಿಷದ ವಾಯ್ಸ್ ಹಾಕುತ್ತೇನೆ. ಕೊಂಕಣಿಯಲ್ಲಿ ಸಿಸ್ಟರ್ ಹೇಳುತ್ತಾರೆ. ಬ್ಯಾರಿ ಭಾಷೆಗೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ, ನನಗಿಂತ ಚೆನ್ನಾಗಿ ಹೇಳುತ್ತಾಳೆ. ಮುಂದಿನ ವರ್ಷ ಹೈಸ್ಕೂಲಿಗೆ ಹೋಗುತ್ತಾಳಲ್ಲ ಎಂಬುದೇ ಚಿಂತೆ.

ಹೋದ ಡಿಸೆಂಬರಿನಲ್ಲಿ ಗೋದಲಿ, ಅಂದರೆ ಕ್ರಿಸ್ಮಸ್‌ಗೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಸೂಚನೆ ಹಾಕಿದ್ದೆ. ದಿನ, ಗಂಟೆ, ಬೈಹುಲ್ಲು ಇದ್ದವರು ಒಂದು ಹಿಡಿ ಕಳಿಸಬಹುದು, ಅಷ್ಟೇ. ಹತ್ತು ನಿಮಿಷದಲ್ಲಿ ಒಂದು ವಾಯ್ಸ್ ಬಂತು. ಅದೇ ಮಲ್ಲಿಗೆಯ ಅಮ್ಮ. "ಟೀಚರ್, ಈ ಸಲ ಏನ್ ಬ್ಯಾಡ ಅಂತ ಬರದೇ ಇಲ್ಲಲ್ರಿ?" ನಾಚಿಕೆಯಾಗಿ, "ನಕ್ಷತ್ರ, ಬೊಂಬೆ, ಲೈಟು ಏನೂ ಕೊಂಡು ತರಬೇಡಿ" ಎಂದು ಸೇರಿಸಿದೆ.

ಮರುದಿನ ಅವರ ಮಗ ಒಂದು ಹಿಡಿ ಹುಲ್ಲಿನ ಜೊತೆ ಹಳದಿ ಬಣ್ಣದ ಪುಟ್ಟ ಜೆಸಿಬಿ ತಂದ. ಒಂದು ಚಕ್ರ ಇರಲಿಲ್ಲ. "ಕೊಂಡಿಲ್ಲ ಟೀಚರ್, ನಂದೇ" ಎಂದ. ಸಿಸ್ಟರ್ ಅದನ್ನು ಕುರಿಗಳ ಹಿಂದೆ, ಗುಡ್ಡದ ಬುಡದಲ್ಲಿ ಮಣ್ಣು ಅಗೆಯುವ ಹಾಗೆ ಇಟ್ಟರು. ಜನವರಿ 6ಕ್ಕೆ ಗೋದಲಿ ತೆಗೆಯುವವರೆಗೆ ಅದು ಅಲ್ಲೇ ಇತ್ತು.